ಒಂದು ಹೆಜ್ಜೆ ಹಿಂದೆ ನಿಲ್ಲುವ ಕೆಲಸ: ಸೇನೆಯಿಂದ ರಾಜಭವನಕ್ಕೆ, ನನ್ನ ಅನುಭವ

ನಿವೃತ್ತನಾಗಿ ಊರಿಗೆ ಬಂದ ಮೇಲೆ ನಮ್ಮ ಗೌರಿಬಿದನೂರು ಕಡೆಯ ಹುಡುಗರು ನನ್ನ ಹತ್ತಿರ ಜಾಸ್ತಿ ಕೇಳುವುದು ಗಡಿಯ ವಿಷಯ ಅಲ್ಲ. "ಸಾರ್, ಪೇಪರ್ ಫೋಟೊದಲ್ಲಿ ರಾಜ್ಯಪಾಲರ ಹಿಂದೆ ಒಬ್ರು ಮಿಲಿಟರಿಯವರು ನಿಂತಿರ್ತಾರಲ್ಲ, ಭುಜದಿಂದ ಎದೆಗೆ ಚಿನ್ನದ ಬಣ್ಣದ ಹುರಿ ಹಾಕ್ಕೊಂಡು, ಅವರ ಕೆಲಸ ಏನು? ಅಲ್ಲಿಗೆ ಹೋಗೋದು ಹೇಗೆ?" ಅಂತ ಕೇಳುತ್ತಾರೆ. ಆ ಜಾಗದಲ್ಲಿ ನಾನು ನಿಂತಿದ್ದೆ. ಆ ಹುದ್ದೆಗೆ ಎಡಿಸಿ (ಏಡ್-ಡಿ-ಕ್ಯಾಂಪ್) ಅನ್ನುತ್ತಾರೆ, ಅಂದರೆ ರಾಜ್ಯಪಾಲರ ಜೊತೆಗಿದ್ದು ಅವರ ಕಾರ್ಯಕ್ರಮ ನೋಡಿಕೊಳ್ಳುವ ಅಧಿಕಾರಿ. ಡಿಸಿ ಆಫೀಸಿನ ಎಡಿಸಿ, ಅಂದರೆ ಅಪರ ಜಿಲ್ಲಾಧಿಕಾರಿ, ಬೇರೆ. ರಾಜಭವನದಲ್ಲಿ (ಈಗ ಅದರ ಹೆಸರು ಲೋಕಭವನ) ಸಾಮಾನ್ಯವಾಗಿ ಇಬ್ಬರು ಎಡಿಸಿಗಳಿರುತ್ತಾರೆ. ಒಬ್ಬರು ಸೇನೆಯಿಂದ, ಇನ್ನೊಬ್ಬರು ಪೊಲೀಸ್ ಇಲಾಖೆಯಿಂದ.

ಯಾವ ರಾಜ್ಯಪಾಲರ ಕಾಲದಲ್ಲಿ ಇದ್ದೆ, ಯಾರು ಬಂದರು, ಏನು ಮಾತಾಡಿದರು ಅನ್ನುವುದನ್ನು ಬರೆಯುವುದಿಲ್ಲ. ಆ ಕೆಲಸಕ್ಕೆ ಹೋದವನ ಮೊದಲ ನಿಯಮವೇ ಅದು. ಕೆಲಸ ಹೇಗೆ ನಡೆಯುತ್ತದೆ ಅನ್ನುವುದನ್ನು ಮಾತ್ರ ಹೇಳುತ್ತೇನೆ. ಮೆರವಣಿಗೆ, ಸಲಾಮಿ, ಧ್ವಜ ಎಲ್ಲ ಸುಮ್ನೆ ತೋರಿಕೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನನಗೆ ಅದನ್ನು ಒಪ್ಪಲು ಆಗುವುದಿಲ್ಲ. ಯಾಕೆ ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿರುವುದು.

ನಾನು ಹುಟ್ಟಿದ್ದು ರೇಷ್ಮೆ ಸಾಕುವ ಮನೆಯಲ್ಲಿ. ಅಪ್ಪ ಗೂಡು ತುಂಬಿಕೊಂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗುತ್ತಿದ್ದರು. ಆಗ ಚಿಕ್ಕಬಳ್ಳಾಪುರ ಇನ್ನೂ ಜಿಲ್ಲೆ ಆಗಿರಲಿಲ್ಲ, ಅದು ಆಗಿದ್ದು 2007ರಲ್ಲಿ. ನಮಗೆಲ್ಲ ಕೋಲಾರವೇ ಜಿಲ್ಲೆ. ಸ್ಕೂಲಿನಿಂದ ಪ್ರವಾಸ ಅಂದರೆ ವಿದುರಾಶ್ವತ್ಥ. 1938ರ ಏಪ್ರಿಲ್ 25ರಂದು ಅಲ್ಲಿ ತ್ರಿವರ್ಣ ಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. 30ಕ್ಕೂ ಹೆಚ್ಚು ಜನ ತೀರಿಕೊಂಡರು ಅಂತ ನಮ್ಮ ಕಡೆ ಹಿರಿಯರು ಹೇಳುತ್ತಾರೆ. ಆಮೇಲೆ ಸರ್ದಾರ್ ಪಟೇಲ್ ಮತ್ತು ದಿವಾನ್ ಮಿರ್ಜಾ ಇಸ್ಮಾಯಿಲ್ ನಡುವೆ ಒಪ್ಪಂದವಾಗಿ ಮೈಸೂರು ಸಂಸ್ಥಾನದಲ್ಲಿ ಧ್ವಜಕ್ಕಿದ್ದ ಅಡ್ಡಿ ಹೋಯಿತು. ಮೇಷ್ಟ್ರು ಇದನ್ನು ಹೇಳುವಾಗ ನಾವೆಲ್ಲ ಬುತ್ತಿ ಬಿಚ್ಚುವ ಆತುರದಲ್ಲಿದ್ದೆವು. ಅದು ಮನಸ್ಸಿಗೆ ತಾಗಿದ್ದು ತುಂಬಾ ವರ್ಷ ಆದ ಮೇಲೆ, ಧ್ವಜದ ಹಗ್ಗ ನನ್ನ ಕೈಗೇ ಬಂದಾಗ. ನಮ್ಮ ತಾಲೂಕಿನವರು ಒಂದು ಬಟ್ಟೆಯನ್ನು ಕಂಬಕ್ಕೆ ಏರಿಸುವುದಕ್ಕೋಸ್ಕರ ಪ್ರಾಣ ಕೊಟ್ಟಿದ್ದಾರೆ. ಅದನ್ನು ಹೇಗೆ ಬೇಕಾದರೂ ಕಟ್ಟಬಹುದು ಅಂತ ನಾನು ಹೇಗೆ ಅಂದುಕೊಳ್ಳಲಿ?

ಸೇನೆಗೆ ಹೋಗಿದ್ದು ಅಧಿಕಾರಿ ಹುದ್ದೆಗೆ ನಡೆಯುವ ಸಿಡಿಎಸ್ ಪರೀಕ್ಷೆ ಬರೆದು. ಆಮೇಲೆ ಬೆಂಗಳೂರಿನಲ್ಲಿ ಎಸ್ಎಸ್‌ಬಿ, ಅಂದರೆ ಅಧಿಕಾರಿಗಳನ್ನು ಆರಿಸುವ ಸಂದರ್ಶನ, ಡೆಹ್ರಾಡೂನಿನ ಸೇನಾ ಅಕಾಡೆಮಿ ಐಎಂಎಯಲ್ಲಿ ಒಂದೂವರೆ ವರ್ಷದ ತರಬೇತಿ. ಸಿಕ್ಕಿದ್ದು ಸೇನೆಯ ಇಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್. 1780ರಿಂದ ಇರುವ ದಳ, ಅದರ ಮನೆ ಬೆಂಗಳೂರಿನ ಹಲಸೂರು ಕೆರೆಯ ಪಕ್ಕದಲ್ಲೇ. ಸೇತುವೆ, ರಸ್ತೆ, ನೆಲಬಾಂಬು, ಇದೇ ನಮ್ಮ ಕೆಲಸ. ರಾಜಭವನಕ್ಕೆ ಹೆಸರು ಕೇಳಿ ಬಂದಾಗ ಸೇನೆ ಕೆಲವು ಅಧಿಕಾರಿಗಳ ಹೆಸರು ಕಳಿಸಿತು. ರಾಜ್ಯಪಾಲರು ಒಬ್ಬೊಬ್ಬರನ್ನೇ ಕರೆದು ಮಾತಾಡಿಸಿದರು. ನನಗೆ ಕನ್ನಡ, ತೆಲುಗು ಎರಡೂ ಬರುತ್ತಿದ್ದದ್ದು ಅನುಕೂಲವಾಯಿತು ಅಂತ ಕಾಣುತ್ತದೆ.

ತುಕಡಿಯಲ್ಲಿ ಅಧಿಕಾರಿ ಅಂದರೆ ಮುಂದೆ ನಿಲ್ಲುವವನು. ರಾಜಭವನದಲ್ಲಿ ಒಂದು ಹೆಜ್ಜೆ ಹಿಂದೆ. ಬಟ್ಟೆ ಮಾತ್ರ ಮೊದಲಿಗಿಂತ ಭರ್ಜರಿ. ಹೊಸಬರಿಗೆ ಕಷ್ಟ ಆಗುವುದು ಇಲ್ಲೇ. ಎಲ್ಲರೂ ನೋಡುವ ಹಾಗೆ ನಿಂತಿರುತ್ತೀರಿ, ಆದರೆ ಯಾರ ಗಮನವೂ ನಿಮ್ಮ ಕಡೆ ಬರಬಾರದು. ಬಂದರೆ ಏನೋ ಎಡವಟ್ಟಾಗಿದೆ ಅಂತಲೇ ಅರ್ಥ.

ಒಂದು ಸಾಮಾನ್ಯ ದಿನ ಹೇಗಿರುತ್ತದೆ ಅಂದರೆ, ಮೊದಲು ಟಿ.ಪಿ. ಅಂದರೆ ಪ್ರವಾಸ ಕಾರ್ಯಕ್ರಮ. ಅದರ ಮೇಲೆ ಮಿನಿಟ್ ಟು ಮಿನಿಟ್ ತಯಾರಾಗುತ್ತದೆ. ಕಾರು ಎಷ್ಟು ಹೊತ್ತಿಗೆ ನಿಲ್ಲಬೇಕು, ಬಾಗಿಲ ಹತ್ತಿರ ಯಾರು ಸ್ವಾಗತಿಸಬೇಕು, ವೇದಿಕೆಗೆ ಎಷ್ಟು ಮೆಟ್ಟಿಲು, ಯಾವ ಕಡೆಯಿಂದ ಹತ್ತಬೇಕು, ಮೈಕ್ ಎಷ್ಟು ಎತ್ತರ, ಎಲ್ಲವೂ ಅದರಲ್ಲಿ ಇರಬೇಕು. ಹಿಂದಿನ ದಿನವೇ ಜಾಗ ನೋಡಿ ಬರುತ್ತಿದ್ದೆ. ಸೇತುವೆ ಕಟ್ಟುವ ಮೊದಲು ಹೊಳೆಯ ದಡ ನೋಡಿ ಬರುವ ಅಭ್ಯಾಸ ಇಲ್ಲಿ ಕೆಲಸಕ್ಕೆ ಬಂತು. ಜೇಬಿನಲ್ಲಿ ಇನ್ನೊಂದು ಪೆನ್ನು, ಇನ್ನೊಂದು ಕನ್ನಡಕ, ಭಾಷಣದ ಇನ್ನೊಂದು ಪ್ರತಿ, ಕರ್ಚೀಫು, ಗಂಟಲಿಗೆ ಒಂದು ಗುಳಿಗೆ. ಭಾಷಣದ ಹಾಳೆಗಳನ್ನು ಪಿನ್ ಮಾಡುವುದಿಲ್ಲ. ಹಾಳೆ ತಿರುವಿದ ಸದ್ದು ಮೈಕಿನಲ್ಲಿ ಕೇಳಿಸುತ್ತದೆ. ಬಿಡಿ ಹಾಳೆಗಳಿಗೆ ದೊಡ್ಡದಾಗಿ ಪುಟದ ಸಂಖ್ಯೆ ಬರೆದು, ಪಕ್ಕಕ್ಕೆ ಸರಿಸುವ ಹಾಗೆ ಜೋಡಿಸಿಡಬೇಕು.

ವೇದಿಕೆಯ ಮೇಲೆ ಯಾರು ಎಲ್ಲಿ ಕೂರಬೇಕು ಅನ್ನುವುದು ಜಿಲ್ಲೆಗಳಲ್ಲಿ ದೊಡ್ಡ ಜಗಳದ ವಿಷಯ. ಆಹ್ವಾನ ಪತ್ರಿಕೆಯಲ್ಲಿ ಹೆಸರು ಕೆಳಗೆ ಬಂತು, ಶಿಷ್ಟಾಚಾರ ಉಲ್ಲಂಘನೆ ಆಯಿತು ಅಂತ ದಿನಾ ಪೇಪರಿನಲ್ಲಿ ಓದುತ್ತೇವಲ್ಲ. ಇದಕ್ಕೆ ಕೇಂದ್ರದ ಪ್ರಾಶಸ್ತ್ಯದ ಪಟ್ಟಿ ಇದೆ. 1979ರಲ್ಲಿ ರಾಷ್ಟ್ರಪತಿ ಕಾರ್ಯಾಲಯ ಹೊರಡಿಸಿದ್ದು, ಆಮೇಲೆ ತಿದ್ದುಪಡಿಗಳಾಗಿವೆ. ರಾಷ್ಟ್ರಪತಿ, ಉಪರಾಷ್ಟ್ರಪತಿ, ಪ್ರಧಾನಿ ಆದ ಮೇಲೆ ನಾಲ್ಕನೆಯವರು ರಾಜ್ಯಪಾಲರು, ಅದೂ ತಮ್ಮ ರಾಜ್ಯದ ಒಳಗೆ ಮಾತ್ರ. ಗಡಿ ದಾಟಿ ಹಿಂದೂಪುರಕ್ಕೆ ಹೋದರೆ ಅದೇ ರಾಜ್ಯಪಾಲರು ಎಂಟನೇ ಸಾಲಿಗೆ ಇಳಿಯುತ್ತಾರೆ. ಮನುಷ್ಯ ಅದೇ, ಗೌರವ ಮಾತ್ರ ಹುದ್ದೆಗೆ ಮತ್ತು ಆ ನೆಲಕ್ಕೆ ಸೇರಿದ್ದು. ಇದು ಅರ್ಥವಾದರೆ ಅರ್ಧ ಕೆಲಸ ಕಲಿತ ಹಾಗೆ. ಕುರ್ಚಿಯ ಜಗಳಕ್ಕೆ ಬಂದವರಿಗೂ ನಾನು ಇದನ್ನೇ ಸಮಾಧಾನವಾಗಿ ಹೇಳುತ್ತಿದ್ದೆ. ಪಟ್ಟಿ ಮುಂದಿಟ್ಟು ಮಾತಾಡಿದರೆ ಬಹಳ ಜನ ಒಪ್ಪುತ್ತಾರೆ.

ರಾಷ್ಟ್ರಗೀತೆಯ ವಿಷಯಕ್ಕೆ ಬಂದರೆ ಸಣ್ಣದು ಅನ್ನುವುದೇ ಇಲ್ಲ. ಪೂರ್ತಿ ಹಾಡಿಗೆ ಸುಮಾರು 52 ಸೆಕೆಂಡ್. ಬ್ಯಾಂಡಿನವರು ನುಡಿಸುವಾಗ ಮೊದಲು ಡ್ರಮ್ ರೋಲ್ ಬರಬೇಕು, ನಿಧಾನ ನಡಿಗೆಯ ಏಳು ಹೆಜ್ಜೆಯಷ್ಟು ಹೊತ್ತು. ಮೆಲ್ಲಗೆ ಶುರುವಾಗಿ, ಜೋರಾಗಿ, ಮತ್ತೆ ಮೆಲ್ಲಗಾಗಬೇಕು. ಒಂದು ತಾಳದಷ್ಟು ಬಿಡುವು. ಆಮೇಲೆ ಗೀತೆ. ಹಿಂದಿನ ಸಾಲಿನಲ್ಲಿ ಕೂತ ಅಜ್ಜಿಗೂ ಎದ್ದು ನಿಲ್ಲಲು ಸಮಯ ಸಿಗಲಿ ಅಂತ ಈ ಏರ್ಪಾಡು. ನನಗೆ ಇದು ತುಂಬಾ ಇಷ್ಟವಾದ ನಿಯಮ. ಜನರ ಬಗ್ಗೆ ಯೋಚನೆ ಮಾಡಿ ಬರೆದದ್ದು ಅಂತ ಕೂಡಲೇ ತಿಳಿಯುತ್ತದೆ. ಔಪಚಾರಿಕ ಸರ್ಕಾರಿ ಸಮಾರಂಭಕ್ಕೆ ರಾಜ್ಯಪಾಲರು ಬಂದಾಗ ಒಂದು ಸಲ, ಹೊರಡುವಾಗ ಒಂದು ಸಲ ರಾಷ್ಟ್ರಗೀತೆ. ನಮ್ಮಲ್ಲಿ ಇದರ ಜೊತೆ ನಾಡಗೀತೆಯೂ ಇರುತ್ತದೆ. ಅದಕ್ಕೆ ಮೈಸೂರು ಅನಂತಸ್ವಾಮಿಯವರ ಧಾಟಿ, ಎರಡೂವರೆ ನಿಮಿಷ ಅಂತ ಸರ್ಕಾರ 2022ರಲ್ಲಿ ಗೊತ್ತುಮಾಡಿತು. ಅದಕ್ಕೆ ಮೊದಲು ಒಂದೊಂದು ಊರಿನಲ್ಲಿ ಒಂದೊಂದು ಧಾಟಿ, ಒಂದೊಂದು ಉದ್ದ.

ನನಗೆ ಅತಿ ಹೆಚ್ಚು ಸಂತೋಷ ಕೊಟ್ಟದ್ದು ಘಟಿಕೋತ್ಸವಗಳು. ರಾಜ್ಯಪಾಲರು ರಾಜ್ಯದ ವಿಶ್ವವಿದ್ಯಾಲಯಗಳಿಗೆ ಕುಲಾಧಿಪತಿ. ತುಮಕೂರು ವಿಶ್ವವಿದ್ಯಾಲಯ ಇರಲಿ, ಕೋಲಾರದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಇರಲಿ, ಸಭಾಂಗಣದ ತುಂಬಾ ನಮ್ಮ ಬಯಲುಸೀಮೆಯ ಮುಖಗಳೇ. ಹೊಲದ ಕೆಲಸ ಬಿಟ್ಟು ಬಂದ ಅಪ್ಪ, ಮಡಿಕೆ ಕಾಣುವ ಹೊಸ ಸೀರೆಯಲ್ಲಿ ಅಮ್ಮ. ಚಿನ್ನದ ಪದಕದ ಹುಡುಗಿ ವೇದಿಕೆಗೆ ಬಂದು, ಪದಕ ಹಾಕಿಸಿಕೊಂಡು, ಫೋಟೊಗೆ ನಿಂತು ಇಳಿಯುವುದಕ್ಕೆ ಸಿಗುವುದು ಕೆಲವೇ ಸೆಕೆಂಡ್. ಹಿಂದಿನವರು ತಳ್ಳಿದರೆ ಅದೂ ಇಲ್ಲ. ಹಾಗಾಗಿ ಪದಕದ ತಟ್ಟೆ ಯಾವ ಕಡೆ ಇರಬೇಕು, ಮುಂದಿನವರು ಎಷ್ಟು ದೂರದಲ್ಲಿ ಕಾಯಬೇಕು, ಫೋಟೊಗ್ರಾಫರ್ ಎಲ್ಲಿ ನಿಲ್ಲಬೇಕು ಅಂತ ಮೊದಲೇ ನಿಂತು ಅಭ್ಯಾಸ ಮಾಡಿಸುತ್ತಿದ್ದೆ. ಪದಕದ ಪಟ್ಟಿಯ ಕೊಕ್ಕೆಗಳನ್ನು ನಾನೇ ಒಂದೊಂದಾಗಿ ಬಿಚ್ಚಿ ಹಾಕಿ ನೋಡುತ್ತಿದ್ದೆ. ಆ ಮಗುವಿನ ಮನೆಯಲ್ಲಿ ಗೋಡೆಯ ಮೇಲೆ ಐವತ್ತು ವರ್ಷ ಇರುವ ಫೋಟೊ ಅದು. ಅದರಲ್ಲಿ ನನ್ನ ಮೊಣಕೈ ಬರಬಾರದು.

ಸೇನೆಯವರು ಇಂಥ ಹುದ್ದೆಗೆ ಹೋಗುವುದು ಹೊಸದಲ್ಲ. ಎಡಿಸಿ ಇರಲಿ, ರಾಜ್ಯಪಾಲರೇ ಸೇನೆಯಿಂದ ಬಂದದ್ದಿದೆ. ಮೈಸೂರು ರಾಜ್ಯದ ಮೊದಲ ರಾಜ್ಯಪಾಲರು ಜಯಚಾಮರಾಜ ಒಡೆಯರು. ಅವರ ನಂತರ 1964ರಲ್ಲಿ ಬಂದವರು ಜನರಲ್ ಎಸ್.ಎಂ. ಶ್ರೀನಾಗೇಶ್. 1955ರಿಂದ 1957ರವರೆಗೆ ದೇಶದ ಭೂಸೇನೆಯ ಮುಖ್ಯಸ್ಥರಾಗಿದ್ದವರು. ಅವರ ನಂತರ ಆ ಸ್ಥಾನಕ್ಕೆ ಬಂದವರು ನಮ್ಮ ಕೊಡಗಿನ ತಿಮ್ಮಯ್ಯ. ಸೇನೆ ಬಿಟ್ಟ ಮೇಲೆ ಶ್ರೀನಾಗೇಶ್ ಅಸ್ಸಾಂ, ಆಂಧ್ರ ಪ್ರದೇಶ, ಆಮೇಲೆ ಮೈಸೂರಿಗೆ ರಾಜ್ಯಪಾಲರಾದರು. ಮಹಾರಾಜರು ಕೂತ ಜಾಗಕ್ಕೆ ಒಬ್ಬ ಸಿಪಾಯಿ ಬಂದು ಕೂತದ್ದು ನನಗೆ ಈಗಲೂ ದೊಡ್ಡ ವಿಷಯ. ಲಕ್ಷಾಂತರ ಸೈನಿಕರಿಗೆ ಆಜ್ಞೆ ಕೊಟ್ಟವರು, ಸಂವಿಧಾನದ ಪ್ರಕಾರ ಮಂತ್ರಿಮಂಡಲದ ಸಲಹೆ ಕೇಳಿ ಸಹಿ ಹಾಕುವ ಕುರ್ಚಿಗೆ ಬಂದರು. ಇದಕ್ಕೆ ಬೇರೆಯದೇ ಶಿಸ್ತು ಬೇಕು.

ಇಂಥದೇ ಶಿಸ್ತು ಬೇಡುವ ಹುದ್ದೆ ಬ್ರಿಟನ್ನಿನ ಸಂಸತ್ತಿನಲ್ಲೂ ಒಂದಿದೆ, ಬ್ಲ್ಯಾಕ್ ರಾಡ್ ಅಂತ. ಕರಿಮರದ ಕೋಲು ಹಿಡಿದ ಅಧಿಕಾರಿ. ರಾಜರು ಅಧಿವೇಶನ ಆರಂಭಿಸುವ ದಿನ ಅವರು ಕೆಳಮನೆಯ ಸದಸ್ಯರನ್ನು ಕರೆಯಲು ಹೋಗುತ್ತಾರೆ. ಇವರು ಹತ್ತಿರ ಬರುತ್ತಿದ್ದ ಹಾಗೆ ಬಾಗಿಲನ್ನು ಮುಖದ ಮೇಲೇ ಮುಚ್ಚುತ್ತಾರೆ. ಕೋಲಿನಿಂದ ಮೂರು ಸಲ ಬಡಿದ ಮೇಲೆ ತೆರೆಯುತ್ತಾರೆ. 1642ರಲ್ಲಿ ರಾಜ ಒಂದನೇ ಚಾರ್ಲ್ಸ್ ಐವರು ಸದಸ್ಯರನ್ನು ಹಿಡಿಯಲು ಸದನಕ್ಕೆ ನುಗ್ಗಿದ್ದ. ಅದನ್ನು ಮರೆತಿಲ್ಲ ಅಂತ ಹೇಳುವ ರೀತಿ ಇದು. ಈ ಹುದ್ದೆಗೆ ನಿವೃತ್ತ ಸೇನಾಧಿಕಾರಿಗಳು ಬಹಳ ಜನ ಬಂದಿದ್ದಾರೆ. 2011ರಲ್ಲಿ ಬಂದ ಡೇವಿಡ್ ಲೀಕಿ ಲೆಫ್ಟಿನೆಂಟ್ ಜನರಲ್ ಆಗಿದ್ದವರು. 2018ರಲ್ಲಿ ಸಾರಾ ಕ್ಲಾರ್ಕ್ ಬಂದರು, ಆ ಹುದ್ದೆಯ ಮೊದಲ ಮಹಿಳೆ. ಸಮರದಲ್ಲಿದ್ದ ಮನುಷ್ಯ ಮುಚ್ಚಿದ ಬಾಗಿಲಿನ ಮುಂದೆ ನಿಲ್ಲುವುದನ್ನು ಅವಮಾನ ಅಂದುಕೊಂಡರೆ ಆ ಕೆಲಸ ಆಗುವುದಿಲ್ಲ. ಆ ಬಾಗಿಲು ಮುಚ್ಚುವುದರಲ್ಲೇ ಜನಪ್ರತಿನಿಧಿಗಳ ಮಾನ ಇದೆ ಅಂತ ತಿಳಿದವನು ಮಾತ್ರ ಅಲ್ಲಿ ನಿಲ್ಲಬಲ್ಲ.

ನಮ್ಮಲ್ಲಿ 2019ರ ನವೆಂಬರಿನಲ್ಲಿ ರಾಜ್ಯಸಭೆಯ 250ನೇ ಅಧಿವೇಶನದ ದಿನ ಸಭಾಪತಿಗಳ ಪಕ್ಕ ನಿಲ್ಲುವ ಮಾರ್ಷಲ್‌ಗಳು ಸೇನೆಯ ಸಮವಸ್ತ್ರದಂಥ ಬಟ್ಟೆ, ಟೋಪಿ ಹಾಕಿಕೊಂಡು ಬಂದರು. ಸೇನೆಯ ಹಿಂದಿನ ಮುಖ್ಯಸ್ಥರಾದ ಜನರಲ್ ವಿ.ಪಿ. ಮಲಿಕ್ ಸೇರಿದಂತೆ ಹಲವರು ಆಕ್ಷೇಪ ಎತ್ತಿದರು. ಸಭಾಪತಿಗಳು ಮರುಪರಿಶೀಲನೆಗೆ ಹೇಳಿ, ಆಮೇಲೆ ಅದು ಬದಲಾಯಿತು. ಆಕ್ಷೇಪ ಸರಿಯಾಗಿಯೇ ಇತ್ತು ಅನ್ನುವುದು ನನ್ನ ಅಭಿಪ್ರಾಯ. ಸಮವಸ್ತ್ರ ಅಲಂಕಾರ ಅಲ್ಲ. ಅದರ ಒಂದೊಂದು ಪಟ್ಟಿಯ ಹಿಂದೆ ಒಂದು ಊರು, ಒಂದು ಚಳಿಗಾಲ, ಕೆಲವು ಸಲ ಒಂದು ಸಾವು ಇರುತ್ತದೆ. ರಾಜಭವನದಲ್ಲಿ ಆ ಚಿನ್ನದ ಬಣ್ಣದ ಹುರಿಯನ್ನು ಹಾಕುವಾಗ ಅದು ನನ್ನದಲ್ಲ, ರಾಜ್ಯಪಾಲರ ಹುದ್ದೆಯ ಗುರುತು ಅಂತ ದಿನಾ ನೆನಪು ಮಾಡಿಕೊಳ್ಳುತ್ತಿದ್ದೆ.

ಸಾವಿನ ವಿಷಯ ಬಂತು. ಅದನ್ನು ಸ್ವಲ್ಪ ವಿವರವಾಗಿ ಬರೆಯಬೇಕು, ಯಾಕೆಂದರೆ ಊರಿಗೆ ಬಂದ ಮೇಲೆ ನನ್ನನ್ನು ಜನ ಕರೆಯುವುದು ಇದಕ್ಕೇ. ನಮ್ಮ ಜಿಲ್ಲೆಯ ಹಳ್ಳಿಗಳಿಂದ ಸೇನೆಗೆ, ಸಿಆರ್‌ಪಿಎಫ್‌ಗೆ, ಬಿಎಸ್‌ಎಫ್‌ಗೆ ಹೋದ ಹುಡುಗರಿದ್ದಾರೆ. ಒಬ್ಬ ಯೋಧನ ಪಾರ್ಥಿವ ಶರೀರ ಹಳ್ಳಿಗೆ ಬರುತ್ತಿದೆ ಅಂದರೆ ಬೆಂಗಳೂರಿನಿಂದ ಸೇನೆಯ ತುಕಡಿ, ಗೌರವ ಸಲ್ಲಿಸುವವರು ಜೊತೆಯಲ್ಲೇ ಬರುತ್ತಾರೆ. ಆದರೆ ಹಳ್ಳಿಯಲ್ಲಿ ಮೊದಲೇ ಸಿದ್ಧ ಮಾಡುವವರು ಬೇಕು. ತಹಶೀಲ್ದಾರರ ಜೊತೆ, ಸ್ಟೇಷನ್ನಿನವರ ಜೊತೆ ನಾನೂ ಹೋಗುತ್ತೇನೆ. ಲಾರಿ ತಿರುಗುವಷ್ಟು ಜಾಗ ಇದೆಯಾ, ಶರೀರ ಇಡುವ ಮೇಜು ಗಟ್ಟಿ ಇದೆಯಾ, ಬಂದೂಕಿನವರು ಸಾಲಾಗಿ ನಿಲ್ಲಲು ಎಲ್ಲಿ ಸಮತಟ್ಟು ನೆಲ ಇದೆ, ಮೇಲೆ ಕರೆಂಟ್ ತಂತಿ ಇದೆಯಾ ನೋಡುತ್ತೇನೆ. ಮೊದಲು ಮನೆಯವರಿಗೆ ಮಾತ್ರ, ಬಾಗಿಲು ಹಾಕಿ, ಸ್ವಲ್ಪ ಹೊತ್ತು ಬಿಡಬೇಕು. ಹಾರ ಹಾಕುವವರು, ಫೋಟೊ ತೆಗೆಯುವವರು ಎಷ್ಟೇ ದೊಡ್ಡವರಾದರೂ ಆಮೇಲೆ. ಇದರಲ್ಲಿ ನಾನು ಯಾರ ಮಾತಿಗೂ ಬಗ್ಗುವುದಿಲ್ಲ.

ಪೆಟ್ಟಿಗೆಯ ಮೇಲೆ ಧ್ವಜ ಹೊದಿಸುವಾಗ ಕೇಸರಿ ತಲೆಯ ಕಡೆ ಬರಬೇಕು. ಹೂವು, ಹಾರ ಬಿದ್ದು ಧ್ವಜ ಒದ್ದೆಯಾಗಬಾರದು. ಅದಕ್ಕೆ ಪಕ್ಕದಲ್ಲಿ ಬೇರೆ ಜಾಗ ಮಾಡಿಸುತ್ತೇನೆ. ಸಲಾಮಿ ಶಸ್ತ್ರ, ಆಮೇಲೆ ಶೋಕ ಶಸ್ತ್ರ. ಬಂದೂಕಿನ ನಳಿಗೆ ನೆಲಕ್ಕೆ, ತಲೆ ಕೆಳಗೆ. ಗಾಳಿಯಲ್ಲಿ ಮೂರು ಸುತ್ತು ಗುಂಡು. ಬ್ಯೂಗಲ್ಲಿನಲ್ಲಿ ಲಾಸ್ಟ್ ಪೋಸ್ಟ್ ಅನ್ನುವ ವಿದಾಯದ ರಾಗ. ಧ್ವಜವನ್ನು ಗುಂಡಿಗೆ ಇಳಿಸುವುದಿಲ್ಲ, ಚಿತೆಗೂ ಹಾಕುವುದಿಲ್ಲ. ಅದಕ್ಕೆ ಮೊದಲೇ ತೆಗೆದು ಮಡಿಸುತ್ತಾರೆ. ಉದ್ದಕ್ಕೆ ಹಿಡಿದು ಕೇಸರಿ, ಹಸಿರು ಎರಡನ್ನೂ ಬಿಳಿಯ ಕೆಳಗೆ ಮಡಿಸಬೇಕು. ಆಮೇಲೆ ಎರಡು ತುದಿಯಿಂದ ಒಳಕ್ಕೆ ಮಡಿಸುತ್ತಾ ಬಂದರೆ ಕೊನೆಗೆ ಮೇಲೆ ಅಶೋಕ ಚಕ್ರ, ಅಂಚಿನಲ್ಲಿ ಸ್ವಲ್ಪ ಕೇಸರಿ, ಸ್ವಲ್ಪ ಹಸಿರು ಉಳಿಯುತ್ತದೆ. ಎರಡೂ ಅಂಗೈ ಮೇಲೆ ಇಟ್ಟುಕೊಂಡು ಹೋಗಿ ಹೆಂಡತಿಗೋ, ತಾಯಿಗೋ ಕೊಡಬೇಕು.

ಒಂದು ಹಳ್ಳಿಯಲ್ಲಿ ತಾಯಿ ಅದನ್ನು ತೆಗೆದುಕೊಂಡು ನನ್ನನ್ನು ಕೇಳಿದರು: "ಇದನ್ನ ಎಲ್ಲಿಡ್ಲಿ ಸಾಮಿ? ದೇವರ ಮನೇಲಿ ಇಡಬೌದಾ?"

"ಇಡಬಹುದು ಅಮ್ಮ. ಒಣಗಿದ ಜಾಗ, ಇಲಿ ಬರದ ಹಾಗಿರಲಿ. ನೆಲಕ್ಕೆ ತಾಗಬಾರದು. ಬೇರೆ ಯಾವುದಕ್ಕೂ ಹೊದಿಸಬೇಡಿ."

"ತೊಳೀಬೌದಾ? ಅವನ ಮೇಲಿದ್ದಿದ್ದು."

ಆ ಪ್ರಶ್ನೆಗೆ ನನ್ನ ಹತ್ತಿರ ಯಾವ ಪುಸ್ತಕದ ಉತ್ತರವೂ ಇರಲಿಲ್ಲ. "ನಿಮ್ಮ ಇಷ್ಟ ಅಮ್ಮ" ಅಂದೆ. ಅವರು ತೊಳೆಯಲಿಲ್ಲ ಅಂತ ಆಮೇಲೆ ಮಗಳು ಹೇಳಿದಳು. ಒಂದು ಗಾಜಿನ ಪೆಟ್ಟಿಗೆ ಮಾಡಿಸಿ, ಅವನ ಟೋಪಿ, ಪದಕಗಳ ಜೊತೆ ಇಟ್ಟಿದ್ದಾರೆ.

ತೋರಿಕೆ ಅನ್ನುವವರಿಗೆ ನನ್ನ ಉತ್ತರ ಆ ಮನೆ. ಆವತ್ತು ಮಡಿಕೆ ಸೊಟ್ಟಗಾಗಿದ್ದರೆ, ಬ್ಯೂಗಲ್ ಅರ್ಧಕ್ಕೆ ನಿಂತಿದ್ದರೆ, ಯಾರೋ ಸೆಲ್ಫಿಗೆ ನುಗ್ಗಿದ್ದರೆ ಆ ತಾಯಿಗೆ ಉಳಿಯುವುದು ಅದೇ. ಸರ್ಕಾರ ಮಗನನ್ನು ವಾಪಸ್ ಕೊಡಲಾರದು. ಕೊಡಬಹುದಾದದ್ದು ಇಷ್ಟೇ. ಅದನ್ನಾದರೂ ಸರಿಯಾಗಿ ಕೊಡಬೇಕು.

ಧ್ವಜ ಅರ್ಧಕ್ಕೆ ಇಳಿಸುವಾಗಲೂ ಕ್ರಮ ಇದೆ. 2019ರ ಜನವರಿ 21ರಂದು ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ ತೀರಿಕೊಂಡಾಗ ರಾಜ್ಯದಲ್ಲಿ ಮೂರು ದಿನ ಶೋಕಾಚರಣೆ ಆಯಿತು. ತುಮಕೂರಿನಲ್ಲಿ ಲಕ್ಷಾಂತರ ಜನ. ಅಂಥ ದಿನಗಳಲ್ಲಿ ಧ್ವಜವನ್ನು ಮೊದಲು ತುದಿಯವರೆಗೆ ಏರಿಸಿ, ಒಂದು ಕ್ಷಣ ನಿಲ್ಲಿಸಿ, ಆಮೇಲೆ ಅರ್ಧಕ್ಕೆ ತರಬೇಕು. ಸಂಜೆ ಇಳಿಸುವ ಮೊದಲೂ ಮತ್ತೆ ತುದಿಗೆ ಏರಿಸಬೇಕು. ಬಹಳ ಕಚೇರಿಗಳಲ್ಲಿ ನೇರ ಅರ್ಧಕ್ಕೆ ಕಟ್ಟಿ ಬಿಡುತ್ತಾರೆ. ಹೇಳಿಕೊಟ್ಟರೆ ಯಾರೂ ಬೇಡ ಅನ್ನುವುದಿಲ್ಲ. ಹೇಳಿಕೊಡುವವರೇ ಕಡಿಮೆ.

ಹಾಗಾಗಿ ಈಗ ಆಗಸ್ಟ್ 15, ಜನವರಿ 26 ಹತ್ತಿರ ಬಂದರೆ ಸ್ಕೂಲು, ಪಂಚಾಯ್ತಿ, ತಾಲೂಕು ಕಚೇರಿ ಅಂತ ಓಡಾಡುತ್ತೇನೆ. ಸ್ವಾತಂತ್ರ್ಯ ದಿನ ಧ್ವಜವನ್ನು ಕೆಳಗಿಂದ ಮೇಲಕ್ಕೆ ಏರಿಸುತ್ತಾರೆ, ಗಣರಾಜ್ಯ ದಿನ ಮೇಲೆ ಕಟ್ಟಿದ್ದನ್ನು ಬಿಚ್ಚುತ್ತಾರೆ. ರಾಜ್ಯದ ರಾಜಧಾನಿಯಲ್ಲಿ ಮೊದಲನೆಯದು ಮುಖ್ಯಮಂತ್ರಿಗಳ ಕೈಯಲ್ಲಿ, ಎರಡನೆಯದು ರಾಜ್ಯಪಾಲರ ಕೈಯಲ್ಲಿ. ಮುಖ್ಯಮಂತ್ರಿಗಳಿಗೆ ಆ ಹಕ್ಕು ಬಂದದ್ದು 1974ರಲ್ಲಿ. ಧ್ವಜದ ಉದ್ದ ಮತ್ತು ಎತ್ತರದ ಅಳತೆ 3:2. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಹೊಲಿದ ಖಾದಿ ಧ್ವಜವನ್ನೇ ತರಿಸಿ ಅಂತ ಹೇಳುತ್ತೇನೆ. 2021ರ ಕೊನೆಯಲ್ಲಿ ನಿಯಮ ಬದಲಾಗಿ ಪಾಲಿಯೆಸ್ಟರ್‌ಗೂ ಒಪ್ಪಿಗೆ ಇದೆ ನಿಜ. ಆದರೂ ನನ್ನ ಮನಸ್ಸು ಖಾದಿಗೇ.

ಹಿಂದಿನ ಸಂಜೆ ಖಾಲಿ ಹಗ್ಗ ಎಳೆದು ರಾಟೆ ತಿರುಗುತ್ತದಾ ನೋಡಬೇಕು. ಕೇಸರಿಯ ಕಡೆಯ ಕುಣಿಕೆಗೆ ಒಂದು ಗುರುತು ಹಾಕಬೇಕು. ಗಂಟು ಒಂದೇ ಎಳೆತಕ್ಕೆ ಬಿಚ್ಚುವಂಥದ್ದಾಗಿರಬೇಕು, ಒಳಗಿನ ಹೂವು ಒಣಗಿದ ದಳ ಆಗಿರಬೇಕು. ಒದ್ದೆ ಹೂವು ಬಟ್ಟೆಗೆ ಅಂಟಿಕೊಂಡು ಧ್ವಜ ಬಿಚ್ಚಿಕೊಳ್ಳುವುದಿಲ್ಲ. ಕಟ್ಟಿದವನೇ ಬೆಳಿಗ್ಗೆ ಕಂಬದ ಹತ್ತಿರ ಇರಬೇಕು.

ರಾಜಭವನದ ಕೆಲಸ ಬೇಕು ಅನ್ನುವ ಮಕ್ಕಳಿಗೆ ನಾನು ಹೇಳುವುದು ಇದು: ಅದಕ್ಕೆ ಬೇರೆ ಪರೀಕ್ಷೆ ಇಲ್ಲ, ಮೊದಲು ಒಳ್ಳೆಯ ಸೇನಾಧಿಕಾರಿ ಆಗಬೇಕು. ಕಾಲೇಜಿನಲ್ಲಿ ಎನ್‌ಸಿಸಿ ಸೇರಿ. ಸಿ ಸರ್ಟಿಫಿಕೇಟ್ ಒಳ್ಳೆಯ ಗ್ರೇಡಿನಲ್ಲಿ ಬಂದರೆ, ಎನ್‌ಸಿಸಿ ವಿಶೇಷ ಪ್ರವೇಶದಲ್ಲಿ ಲಿಖಿತ ಪರೀಕ್ಷೆ ಇಲ್ಲದೆ ನೇರ ಎಸ್ಎಸ್‌ಬಿಗೆ ಹೋಗಬಹುದು. ಹುಡುಗಿಯರಿಗೂ ಇದೆ. ಕನ್ನಡ ಮೀಡಿಯಂ ಅಂತ ಹಿಂದೆ ಸರಿಯಬೇಡಿ, ನಾನೂ ಓದಿದ್ದು ಕನ್ನಡದಲ್ಲೇ. ಇಂಗ್ಲಿಷ್ ಪೇಪರನ್ನು ದಿನಾ ಗಟ್ಟಿಯಾಗಿ ಓದಿ, ಓಡಿ, ಹತ್ತು ಜನರ ಎದುರು ಮಾತಾಡಿ. ಫಾರಂ ತುಂಬುವುದು ಗೊತ್ತಾಗದಿದ್ದರೆ ಭಾನುವಾರ ಬೆಳಿಗ್ಗೆ ಮನೆಗೆ ಬನ್ನಿ, ಕೂತು ತುಂಬೋಣ.